ಐದು ಶುಕ್ರವಾರದ ಎಣ್ಣೆ

ಆ ಚಳಿಗಾಲದಲ್ಲಿ ಭಾಗ್ಯಾಳ ತಲೆಗೆ ಒಂದು ತಿಂಗಳು ಎಣ್ಣೆ ಬೀಳಲಿಲ್ಲ. ನಡೆದದ್ದು ಇಷ್ಟೇ. ಬೇರೆ ಯಾರದಾದರೂ ಮನೆಯಾಗಿದ್ದರೆ ಒಂದು ಭಾನುವಾರದ ಬೈಗುಳದಲ್ಲಿ ಮುಗಿದುಹೋಗುವ ಮಾತು. ಬಾಬುವಿನ ಮನೆಯಲ್ಲಿ ಮಾತ್ರ ಅದು ಸಂಕ್ರಾಂತಿಯನ್ನೂ ದಾಟಿ, ಹುಡುಗಿಯ ಹತ್ತನೇ ತರಗತಿಯ ಪರೀಕ್ಷೆಯ ಹೊಸ್ತಿಲವರೆಗೆ ಬಂದು ನಿಂತಿತು.

ಬಾಬು ಯಾದಗಿರಿ ಕಡೆಯವನು. ಇಪ್ಪತ್ತು ವರ್ಷದ ಹಿಂದೆ ಇಟ್ಟಿಗೆ ಹೊರಲು ಪುಣೆಗೆ ಬಂದವನು ಈಗ ಸೆಂಟ್ರಿಂಗ್ ಮಿಸ್ತ್ರಿ. ಸ್ಲ್ಯಾಬ್ ಹಾಕುವ ಮುಂಚೆ ಹಲಗೆ ಹೊಡೆದು ನಿಲ್ಲಿಸುವುದು ಅವನ ಕೆಲಸ. ಹೆಂಡತಿ ದುರ್ಗಾ ಪ್ರಾಧಿಕರಣ ಎಂಬ ಬಡಾವಣೆಯ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ತಾಯಿ ಚಂದಮ್ಮನಿಗೆ ಎಪ್ಪತ್ತರ ಹತ್ತಿರ. ಒಬ್ಬಳೇ ಮಗಳು ಭಾಗ್ಯಾ. ಪುಣೆಯ ನಿಗಡಿಯಲ್ಲಿ ಎರಡು ಖೋಲಿಯ ಮನೆ, ನಾಲ್ಕು ಜನ. ನಳದ ನೀರು ದಿನ ಬಿಟ್ಟು ದಿನ. ಉಳಿದ ದಿನ ಬೋರಿನ ನೀರು, ಎಷ್ಟು ಸೋಪು ಉಜ್ಜಿದರೂ ನೊರೆ ಕಾಣದ ನೀರು.

ದೀಪಾವಳಿ ಮುಗಿದ ವಾರ ಇಂದಾಪುರದಿಂದ ಫೋನು ಬಂತು. ಅಲ್ಲಿ ದುರ್ಗಾಳ ತಮ್ಮ ಕಬ್ಬಿನ ಕೆಲಸ ಮಾಡಿಕೊಂಡು ಇದ್ದಾನೆ, ತಾಯಿ ಅವನ ಜೊತೆಗಿದ್ದಾಳೆ. ಆ ಮುದುಕಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನಾಲ್ಕು ದಿನಕ್ಕೆಂದು ಎಸ್‌ಟಿ ಬಸ್ಸು ಹತ್ತಿದ ದುರ್ಗಾ ನಾಲ್ಕು ವಾರ ಅಲ್ಲೇ ಉಳಿದಳು. ಮನೆಯ ಹೊರೆ ಭಾಗ್ಯಾಳ ಮೇಲೆ ಬಿತ್ತು. ಬೆಳಗ್ಗೆ ಐದಕ್ಕೆದ್ದು ನೀರು ತುಂಬಬೇಕು, ಅಪ್ಪನ ಡಬ್ಬಿಗೆ ರೊಟ್ಟಿ ಬಡಿಯಬೇಕು, ಅಜ್ಜಿಗೆ ಚಹಾ ಕೊಡಬೇಕು, ಆಮೇಲೆ ಶಾಲೆ, ಶಾಲೆಯ ನಂತರ ಟ್ಯೂಷನ್ ಕ್ಲಾಸು. ತಲೆ ಎಂಬುದೊಂದು ಇದೆ ಎನ್ನುವುದೇ ಹುಡುಗಿಗೆ ಮರೆತುಹೋಯಿತು.

ಚಂದಮ್ಮ ಎರಡು ಸಲ ಎಣ್ಣೆ ಹಚ್ಚುತ್ತೇನೆ ಬಾ ಎಂದು ಕರೆದಿದ್ದಳು. ಹುಡುಗಿ ಒಲ್ಲೆ ಎಂದಿತ್ತು. ಎಣ್ಣೆ ಹಚ್ಚಿಕೊಂಡು ಹೋದ ದಿನ ಶಾಲೆಯ ಹುಡುಗಿಯರು ‘ತೇಲಕಟ್’ ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೇಲಾಗಿ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು; ಅದನ್ನು ಕಾಯಿಸುವಷ್ಟು ಪುರುಸೊತ್ತು ಯಾರಿಗಿತ್ತು? ವಾರಕ್ಕೆರಡು ಸಲ ಬೋರಿನ ತಣ್ಣೀರಿನಲ್ಲಿ, ಶಾಂಪೂ ಪುಡಿಕೆ ಇಲ್ಲದ ದಿನ ಬಟ್ಟೆಯ ಸೋಪಿನಲ್ಲಿ ತಲೆ ತೊಳೆದಳು. ಆರಿಸದೆ ಹಸಿಗೂದಲನ್ನೇ ಗಂಟು ಹಾಕಿ, ಮೇಲೆ ಕೆಂಪು ಉಲ್ಲನ್ ಸ್ಕಾರ್ಫ್ ಬಿಗಿದುಕೊಂಡಳು. ರಾತ್ರಿ ಅದರೊಳಗೇ ಮಲಗಿದಳು. ಕೂದಲು ತೆಂಗಿನ ನಾರಿನಂತಾಯಿತು. ಎರಡನೆಯ ವಾರಕ್ಕೆ ಬಾಚಣಿಗೆ ಹಿಂದಲೆಯಲ್ಲಿ ಸಿಕ್ಕಿಕೊಂಡಿತು, ಅವಳು ಮೇಲಿನ ಕೂದಲನ್ನಷ್ಟೇ ಬಾಚಿ ಗಂಟನ್ನು ಒಳಗೆ ಮುಚ್ಚಿಬಿಟ್ಟಳು. ಹೆಣ್ಣುಮಕ್ಕಳ ಜಾಣತನ ಇಂಥಲ್ಲಿಯೇ ಖರ್ಚಾಗುವುದು.

ಡಿಸೆಂಬರಿನ ಮಧ್ಯದಲ್ಲಿ ದುರ್ಗಾ ಮರಳಿ ಬಂದಳು. ಬಂದ ಭಾನುವಾರವೇ ನೀರು ಕಾಯಿಸಿ, ಮಗಳನ್ನು ಬಚ್ಚಲ ಬಾಗಿಲಲ್ಲಿ ಕೂರಿಸಿ ಸ್ಕಾರ್ಫ್ ಬಿಚ್ಚಿದಳು. ಹಿಂಗತ್ತಿನ ಮೇಲೆ ಮುಷ್ಟಿಗಾತ್ರದ ಗಂಟು. ಕೈಗೆ ಕಂಬಳಿಯ ತುಂಡಿನಂತೆ ಹತ್ತಿತು.

"ಏನಿದು?"

"ಗೊತ್ತಿಲ್ಲವ್ವ. ತುರಸ್ತದ. ಬಾಚಣಗಿ ಒಳಗ ಹೋಗವಲ್ದು."

ದುರ್ಗಾ ಮಗಳ ಬೆನ್ನಿಗೆ ಒಂದು ಗುದ್ದಿ, ಕತ್ತರಿ ತರಲು ಎದ್ದಳು. ಮೇಥಿ ಸೋಸುತ್ತಿದ್ದ ಚಂದಮ್ಮ ಏನೆಂದು ನೋಡಲು ಬಂದು ಮೊಮ್ಮಗಳ ತಲೆ ಮುಟ್ಟಿದಳು. ಮುಟ್ಟಿದ ಕೈಯನ್ನು ಬೆಂಕಿ ತಾಗಿದವಳಂತೆ ಹಿಂದಕ್ಕೆಳೆದುಕೊಂಡಳು.

"ಕತ್ರಿ ಒಳಗಿಡು ದುರ್ಗಾ," ಎಂದಳು. "ಇದು ಗಂಟಲ್ಲ. ಜಟಿ. ಎಲ್ಲಮ್ಮ ಬಂದಾಳ."

ದುರ್ಗಾ ಬೆಳೆದದ್ದು ಇಂದಾಪುರದ ಕಬ್ಬಿನ ಗದ್ದೆಗಳ ನಡುವೆಯೇ ಆದರೂ ಈ ಮಾತಿನ ತೂಕ ಅವಳಿಗೆ ಗೊತ್ತಿತ್ತು. ಅವರ ಕಡೆ ಹೆಣ್ಣಿನ ತಲೆಯಲ್ಲಿ ಜಟೆ ಕಟ್ಟಿದರೆ ಅದು ದೇವಿಯದು. ಕತ್ತರಿ ಸೋಕಿಸುವಂತಿಲ್ಲ, ಬಾಚಣಿಗೆ ಇಡುವಂತಿಲ್ಲ. ಮಂಗಳವಾರ ಶುಕ್ರವಾರ ಅರಿಶಿನದ ಭಂಡಾರ ಹಚ್ಚಬೇಕು, ಮಾಘದ ಭಾರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಕರೆದೊಯ್ದು ದೇವಿಗೆ ತೋರಿಸಬೇಕು. ಹಿಂದೆ ಅಂಥ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ದೇವರಿಗೇ ಬಿಟ್ಟುಬಿಡುತ್ತಿದ್ದರು. ಅವರಿಗೆ ಗಂಡನಿಲ್ಲ, ಮನೆಯಿಲ್ಲ, ಊರವರ ಬಾಗಿಲೇ ಗತಿ. ಈಗ ಹಾಗೆ ಮಾಡಿದರೆ ಪೊಲೀಸರು ಬರುತ್ತಾರೆ. ಚಂದಮ್ಮ ಮುತ್ತಿನ ಮಾತು ತೆಗೆಯಲೂ ಇಲ್ಲ. ಬರೀ ತೋರಿಸಿಕೊಂಡು ಬರೋಣ, ಜಟೆ ಅದರ ಪಾಡಿಗೆ ಇರಲಿ, ಎಂದಳು. ಆದರೆ ಜಟೆ ಹೊತ್ತು ಗುಡ್ಡ ಹತ್ತಿ ಇಳಿದ ಹುಡುಗಿಯನ್ನು ಆಮೇಲೆ ಯಾರೂ ಬರೀ ಹುಡುಗಿಯೆಂದು ನೋಡುವುದಿಲ್ಲ. ಶಾಲೆ, ಮದುವೆ, ನೌಕರಿ ಎಲ್ಲದಕ್ಕೂ ಮುಂಚೆ ಜಟೆ ಬರುತ್ತದೆ.

ಅಂದು ರಾತ್ರಿ ಊಟಕ್ಕೆ ಕೂತ ಬಾಬುವಿನ ತಟ್ಟೆಗೆ ಹೆಂಡತಿ ರೊಟ್ಟಿಯನ್ನು ಎಸೆದಂತೆ ಹಾಕಿದಳು, ತಾಯಿ ಅದರ ಮೇಲೆ ಶೇಂಗಾ ಹಿಂಡಿ ಮೆಲ್ಲನೆ ಇಟ್ಟಳು. ಇಬ್ಬರೂ ಅವನ ಬಾಯಿ ನೋಡುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಬಾಬುವಿನ ಹುಟ್ಟುಗುಣ. ನೋಡೋಣ ಎಂದು ಹೇಳಿ ಬಾಯಿತುಂಬ ರೊಟ್ಟಿ ತುರುಕಿಕೊಂಡ.

ಅವನು ಹಾಗೆ ಜಾರಿಕೊಂಡದ್ದಕ್ಕೂ ಒಂದು ಕಾರಣವಿತ್ತು. ಚಂದಮ್ಮನಿಗೆ ಅಕ್ಕು ಎಂಬ ಅಕ್ಕನಿದ್ದಳು. ಅಕ್ಕುವಿಗೆ ಹನ್ನೆರಡು ವರ್ಷವಿದ್ದಾಗ ತಲೆಯಲ್ಲಿ ಜಟೆ ಬಂದಿತ್ತು. ಚಂದಮ್ಮನ ಅಪ್ಪ ಸಿಟ್ಟಿನ ಮನುಷ್ಯ, ದೇವರೂ ಇಲ್ಲ ದಿಂಡರೂ ಇಲ್ಲ ಎಂದು ಕುರಿ ಉಣ್ಣೆ ಕತ್ತರಿಸುವ ಕತ್ತರಿ ತಂದು ಅರ್ಧ ಜಟೆ ಕತ್ತರಿಸಿಹಾಕಿದ. ಎಂಟನೆಯ ದಿನ ಹೊಲದಲ್ಲಿ ಅವನಿಗೆ ಹಾವು ಕಡಿಯಿತು. ಗಂಡನ ಹೆಣ ಇಳಿಸಿದ ಅಂಗಳದಲ್ಲೇ ಅವ್ವ ಉಳಿದರ್ಧ ಜಟೆಗೆ ಭಂಡಾರ ಹಚ್ಚಿದಳು. ಮುಂದಿನ ಹುಣ್ಣಿಮೆಗೆ ಅಕ್ಕುವಿನ ಕೊರಳಿಗೆ ಮುತ್ತು ಬಿತ್ತು. ಈ ಕಥೆಯನ್ನು ಬಾಬು ತೊಟ್ಟಿಲಿನಿಂದ ಕೇಳಿಕೊಂಡು ಬಂದಿದ್ದ. ದೇವಿಯ ಸಿಟ್ಟು ಮನೆಯ ಗಂಡಸಿನ ಮೇಲೆ ಬೀಳುತ್ತದೆ ಎಂಬುದು ಅದರ ಸಾರ.

ದುರ್ಗಾ ಪಾತ್ರೆ ತೊಳೆಯುತ್ತ ಕೇಳಿದಳು, ಮಗಳು ಮುಖ್ಯವೋ ಕಥೆ ಮುಖ್ಯವೋ ಎಂದು.

"ನಾ ದಿನಾ ಹದಿನೆಂಟನೇ ಮಾಳಿಗಿ ತುದಿಗಿ ನಿಂದರ್ತೀನಿ, ದುರ್ಗಾ," ಎಂದ ಬಾಬು. "ಒಂದ್ ಸಲ ಕಾಲ್ ಜಾರಿದ್ರ ನೀವು ಮೂರು ಮಂದಿ ಎಲ್ಲಿಗಿ ಹೋಗ್ತೀರಿ?"

ಗಂಡ ಹೆದರಿದ್ದಾನೆ ಎಂದು ದುರ್ಗಾಳಿಗೆ ಗೊತ್ತಾದದ್ದು ಆಗಲೇ. ಅವಳಿಗೆ ಸಿಟ್ಟೂ ಬಂತು, ಮರುಕವೂ ಬಂತು. ಪಾತ್ರೆಯನ್ನು ಕೆಳಗಿಟ್ಟಳು, ಮಾತು ಬೆಳೆಸಲಿಲ್ಲ.

ಮುಂದಿನ ಎರಡು ವಾರ ಭಾಗ್ಯಾಳಿಗೆ ಒಂಥರಾ ಹಬ್ಬ. ದೇವಿ ಬಂದ ಹುಡುಗಿ ಮುಸುರೆ ಮುಟ್ಟಬಾರದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದಳು. ಹುಡುಗಿಗೆ ಪಾತ್ರೆ ತಪ್ಪಿತು, ಕಸ ತಪ್ಪಿತು, ಮೊದಲ ರೊಟ್ಟಿಯ ಮೇಲೆ ಬೆಣ್ಣೆ ಬಿತ್ತು. ಅವಳು ಗಣಿತದ ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದಳು, ದುರ್ಗಾ ಸಿಂಕಿನ ಮುಂದೆ ಹಲ್ಲು ಕಡಿಯುತ್ತಿದ್ದಳು. ದೇವಿಗೂ ಮುಸುರೆಗೂ ಯಾವ ಕಾಲದ ವೈರವೋ ಎಂದು ಗೊಣಗಿದರೆ, ಚಂದಮ್ಮ ಕಿವಿ ಕೇಳದವಳಂತೆ ಕೂರುತ್ತಿದ್ದಳು.

ಸುದ್ದಿ ಗೋಡೆಯಾಚೆ ಹೋಗದೆ ಇರುತ್ತದೆಯೇ? ಪಕ್ಕದ ಖೋಲಿಯ ಕೃಷ್ಣಾಬಾಯಿ ಭೋರ್ ಕಡೆಯ ಮರಾಠಿ ಹೆಂಗಸು, ಬಹಳ ಭಕ್ತಿಯವಳು. ಒಂದು ಮಂಗಳವಾರ ತೆಂಗಿನಕಾಯಿ, ನಿಂಬೆಹಣ್ಣು ಹಿಡಿದು ಬಂದಳು. ಜಟೆಯನ್ನು ಹತ್ತಿರದಿಂದ ನೋಡಿ, ಬುಡದಲ್ಲಿ ಕೆಂಪು ಕಾಣಿಸುತ್ತದೆ, ಅದು ದೇವಿಯ ಕುಂಕುಮ ಎಂದು ಮರಾಠಿಯಲ್ಲಿ ಸಾರಿದಳು. ಆಮೇಲೆ ಆ ಅರವತ್ತು ವರ್ಷದ ಹೆಂಗಸು ಬಗ್ಗಿ ಹದಿನೈದು ವರ್ಷದ ಭಾಗ್ಯಾಳ ಪಾದಕ್ಕೆ ಹಣೆ ಹಚ್ಚಿದಳು. ಹುಡುಗಿ ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಆಗದೆ ಕಂಬದಂತೆ ನಿಂತಿತು. ಅವಳ ಹಬ್ಬ ಮುಗಿದದ್ದು ಅಲ್ಲಿಗೆ.

ಶಾಲೆಯಲ್ಲಿ ಸ್ಕಾರ್ಫ್ ತೆಗೆ ಎಂದು ಟೀಚರ್ ಹೇಳಿದಾಗ ಭಾಗ್ಯಾ ಕಿವಿ ನೋವು ಎಂದು ಸುಳ್ಳು ಹೇಳಿದಳು. ಮಂಗಳವಾರ, ಶುಕ್ರವಾರ ಅಜ್ಜಿ ಶಾಲೆಗೇ ಕಳಿಸಲಿಲ್ಲ. ಪ್ರಿಲಿಮ್ ಪರೀಕ್ಷೆ ಜನವರಿಯಲ್ಲಿ, ಬೋರ್ಡಿನ ಪರೀಕ್ಷೆ ಫೆಬ್ರವರಿಯ ಕೊನೆಗೆ. ಹುಣ್ಣಿಮೆ ಅದಕ್ಕೂ ಹತ್ತು ದಿನ ಮೊದಲು. ಹೊಸ ವರ್ಷದ ದಿನ ದುರ್ಗಾ ಕೆಲಸದಿಂದ ಬಂದಾಗ ಮಗಳು ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಏನಾಯಿತು ಎಂದು ಹತ್ತು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು.

"ಅವ್ವ, ಗುಡ್ಡಕ್ಕ ಹೋಗಿಬಂದ ಮ್ಯಾಲ ನಾ ಪರೀಕ್ಷಾಕ್ಕ ಕೂಡಬಹುದಿಲ್ಲೊ?"

ದುರ್ಗಾ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು ನೇರವಾಗಿ ಅತ್ತೆಯ ಮುಂದೆ ಹೋಗಿ ಕೂತಳು. ಬಾಬು ಆಗತಾನೇ ಬಂದು ಕಾಲು ತೊಳೆಯುತ್ತಿದ್ದ. ಈ ಸಲ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚಂದಮ್ಮನಿಗೆ ಸುಲಭವಾಗುತ್ತಿತ್ತು.

"ಅತ್ತೀ, ನಮ್ಮವ್ವ ಇಂದಾಪುರದಾಗ ಒಂದು ತಿಂಗಳು ಮಲಗಿದಲ್ಲೇ ಮಲಗಿದ್ಳರಿ. ದಿಂಬಿಗಿ ತಿಕ್ಕಿ ತಿಕ್ಕಿ ಆಕಿ ತಲ್ಯಾಗೂ ಇಂಥದ್ದೇ ಕಟ್ಟಿತ್ತು. ನಾ ನಾಕು ದಿನ ಔಡಲೆಣ್ಣಿ ಹಚ್ಚಿ ಬೆರಳಿನಿಂದ ಬಿಡಸೀನಿ. ಬಿಟ್ಟುಬಂತು. ಎಲ್ಲಮ್ಮ ನಮ್ಮವ್ವನ ಹಂತ್ಯಾಕೂ ಬಂದಿದ್ಲೇನರಿ?"

ಚಂದಮ್ಮ ಒಪ್ಪಲಿಲ್ಲ.

"ಮುದುಕಿ ತಲಿ ಬ್ಯಾರೆ, ಕನ್ನಿ ತಲಿ ಬ್ಯಾರೆ."

"ಕೂದಲಕ್ಕ ಮುದುಕಿ ಯಾರು ಕನ್ನಿ ಯಾರು ಹ್ಯಾಂಗ ಗೊತ್ತರಿ? ನಾ ಇದ್ದಿದ್ರ ಭಾಗ್ಯಾಗ ವಾರಾ ಎಣ್ಣಿ ಹಚ್ಚತಿದ್ದೆ. ನಾ ಇರಲಿಲ್ಲ. ತಪ್ಪು ನಂದು. ನನ್ನ ತಪ್ಪಿಗಿ ದೇವಿ ಹೆಸರು ಯಾಕ ಇಡ್ತೀರಿ?"

"ಅಂವ ಮ್ಯಾಲ ನಿಂತು ಕೆಲಸ ಮಾಡ್ತಾನ," ಎಂದಳು ಚಂದಮ್ಮ, ಬಾಬುವಿನ ಕಡೆ ಕೈ ತೋರಿಸಿ. "ನನಗ ಒಬ್ಬ ಮಗ. ನಮ್ಮಪ್ಪನ ಹೆಣ ನಾ ನೋಡೀನಿ. ನಿನಗ ಗೊತ್ತಿಲ್ಲ."

ಮುದುಕಿಗೆ ಇರುವುದು ಭಕ್ತಿಯಲ್ಲ, ಭಯ. ಅದು ಆ ಕ್ಷಣ ಮನೆಯಲ್ಲಿದ್ದ ಎಲ್ಲರಿಗೂ ಕಂಡಿತು. ಭಯಕ್ಕೆ ವಾದ ಹೇಳಿ ಪ್ರಯೋಜನವಿಲ್ಲ ಎಂಬುದು ನಾಲ್ಕು ಮನೆಯ ಯಜಮಾನಿಯರನ್ನು ಸಂಭಾಳಿಸುವ ದುರ್ಗಾಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ದಾರಿ ಬದಲಿಸಿದಳು. ಕತ್ತರಿ ಬೇಡ, ಒಪ್ಪಿದೆ. ಬಾಚಣಿಗೆ ಬೇಡ, ಅದೂ ಒಪ್ಪಿದೆ. ಎಣ್ಣೆ? ದೇವಿಗೆ ಎಣ್ಣೆ ಬೇಡ ಎಂದು ಯಾವ ಊರಿನಲ್ಲಿದೆ? ಗುಡ್ಡದಲ್ಲಿ ಅವಳ ಮುಂದೆ ದೀಪ ಉರಿಯುವುದು ಎಣ್ಣೆಯಲ್ಲಿಯೇ ತಾನೇ?

ಜಟೆಗೆ ಎಣ್ಣೆ, ಭಂಡಾರ ಎರಡೂ ಸಲ್ಲುತ್ತವೆ. ಚಂದಮ್ಮನ ಅವ್ವ ಭಂಡಾರವನ್ನಷ್ಟೇ ಹಚ್ಚುತ್ತಿದ್ದಳು, ಎಣ್ಣೆಗೆ ಆ ಮನೆಯಲ್ಲಿ ಗತಿಯಿರಲಿಲ್ಲ. ಕೊನೆಗೆ ಚಂದಮ್ಮ ಒಂದು ಕರಾರು ಹಾಕಿದಳು.

"ಐದು ಶುಕ್ರವಾರ ಎಣ್ಣಿ ಹಾಕ್ತೀನಿ. ನಾನೇ ಹಾಕ್ತೀನಿ, ನೀ ಮುಟ್ಟಬ್ಯಾಡ. ಯಾರೂ ಎಳೀಬಾರದು. ದೇವೀನೇ ಬಿಟ್ರ ಬಿಡ್ಲಿ. ಬಿಡಲಿಲ್ಲಂದ್ರ ಹುಣ್ಣಿಮಿಗಿ ಗುಡ್ಡ."

"ಆಗಲರಿ," ಎಂದಳು ದುರ್ಗಾ. ಬಾಬು ಬಚ್ಚಲಿನಿಂದಲೇ ಆಗಲಿ ಎಂದ. ಅಷ್ಟು ಬೇಗ ಅವನು ಯಾವುದಕ್ಕೂ ಒಪ್ಪಿಕೊಂಡವನಲ್ಲ.

ಒಪ್ಪಂದವಾದ ಮೇಲೆ ದುರ್ಗಾ ತನ್ನ ಪಾಲಿನ ಕೆಲಸ ಶುರುಮಾಡಿದಳು. ಮುಟ್ಟಬೇಡ ಎಂದಿದ್ದಾರೆ, ಎಣ್ಣೆ ತರಬೇಡ ಎಂದಿಲ್ಲವಲ್ಲ. ಕೊಬ್ಬರಿ ಎಣ್ಣೆಗೆ ಅರ್ಧ ಔಡಲೆಣ್ಣೆ ಬೆರೆಸಿದಳು, ಚಳಿಗೆ ಗಟ್ಟಿಯಾಗದ ಹಾಗೆ. ಶುಕ್ರವಾರ ಬೆಳಗ್ಗೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ ಅತ್ತೆಯ ಕೈಗೆ ಕೊಡುತ್ತಿದ್ದಳು. ತಲೆಗೆ ಬೋರಿನ ನೀರು ಸೋಕದಂತೆ ನೋಡಿಕೊಂಡಳು. ನಳದ ನೀರು ಬಂದ ದಿನ ಎರಡು ಕೊಡ ಬೇರೆ ತುಂಬಿಟ್ಟಳು. ಉಲ್ಲನ್ ಸ್ಕಾರ್ಫಿನ ಒಳಗೆ ತನ್ನ ಹಳೆಯ ಮೆತ್ತನೆ ನೂಲಿನ ಸೀರೆಯ ತುಂಡು ಹೊಲಿದಳು. ಇಷ್ಟೂ ಬುದ್ಧಿ ನವೆಂಬರಿನಲ್ಲಿ ಇದ್ದಿದ್ದರೆ ಎಂದು ತನ್ನನ್ನೇ ಬೈದುಕೊಂಡಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆ ತಮ್ಮ ಮನೆಗೇ ಹುಟ್ಟಿದ್ದಿರಬೇಕು ಎಂದು ಮಗಳ ಮುಂದೆ ಹೇಳಿದಳು.

ಮೊದಲನೆಯ ಶುಕ್ರವಾರ ಚಂದಮ್ಮ ದೀಪ ಹಚ್ಚಿ, ಉಧೋ ಉಧೋ ಎಂದು ದೇವಿಯನ್ನು ಕೂಗಿ, ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಜಟೆಗೆ ಎಣ್ಣೆ ಹೊಯ್ದಳು. ಒಣಗಿದ್ದ ಗಂಟು ಇಡೀ ಬಟ್ಟಲು ಎಣ್ಣೆ ಹೀರಿ ಸುಮ್ಮನೆ ಕೂತಿತು. ಎರಡನೆಯ ಶುಕ್ರವಾರವೂ ಅಷ್ಟೇ. ಕೃಷ್ಣಾಬಾಯಿ ಬಂದು ನಮಸ್ಕಾರ ಮಾಡಿ ಹೋದಳು. ಬಾಬು ಅವತ್ತು ಅಂಚಿನ ಹಲಗೆ ಹೊಡೆಯಲು ಬೇರೆಯವನನ್ನು ಹತ್ತಿಸಿ, ತಾನು ಒಳಗಿನ ಕಂಬದ ಕೆಲಸಕ್ಕೆ ನಿಂತನಂತೆ. ಅದನ್ನು ಅವನೇ ನಾಚಿಕೊಂಡು ಹೆಂಡತಿಗೆ ಹೇಳಿದ.

ಮೂರನೆಯ ಶುಕ್ರವಾರ ಎಣ್ಣೆ ಹಾಕುವಾಗ ಚಂದಮ್ಮನ ಕೈ ಒಂದು ಕಡೆ ನಿಂತಿತು. ಆಮೇಲೆ ಬೇಗಬೇಗ ಬಟ್ಟೆ ಸುತ್ತಿ ಎದ್ದುಬಿಟ್ಟಳು. ಏನಾಯಿತರಿ ಎಂದು ದುರ್ಗಾ ಕೇಳಿದರೆ, ಏನಾಗಬೇಕು, ಸೊಂಟ ಹಿಡಿಯಿತು ಎಂದಳು. ಅಂದಿನಿಂದ ಮುದುಕಿ ಮಾತು ಕಡಿಮೆ ಮಾಡಿದಳು. ಊಟದ ಹೊತ್ತಿನಲ್ಲಿ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂರುತ್ತಿದ್ದಳು. ಜಟೆ ಬಿಡುವುದಿಲ್ಲ, ಅದಕ್ಕೇ ಹೀಗಿದ್ದಾಳೆ ಎಂದು ದುರ್ಗಾ ತಿಳಿದಳು. ಪ್ರಿಲಿಮ್ ಪರೀಕ್ಷೆಯನ್ನು ಭಾಗ್ಯಾ ಸ್ಕಾರ್ಫ್ ಕಟ್ಟಿಕೊಂಡೇ ಬರೆದಳು. ದುರ್ಗಾ ಒಂದು ನಿರ್ಧಾರಕ್ಕೆ ಬಂದಿದ್ದಳು: ಐದನೆಯ ಶುಕ್ರವಾರವೂ ಆಗದಿದ್ದರೆ ಮಗಳನ್ನು ಕರೆದುಕೊಂಡು ಇಂದಾಪುರಕ್ಕೆ ಹೋಗಿಬಿಡುವುದು, ಗಂಡ ಅತ್ತೆ ಏನಾದರೂ ಅಂದುಕೊಳ್ಳಲಿ. ಚೀಲಕ್ಕೆ ಎರಡು ಜೊತೆ ಬಟ್ಟೆಯನ್ನೂ ಹಾಕಿಟ್ಟಿದ್ದಳು.

ನಾಲ್ಕನೆಯ ಶುಕ್ರವಾರ ಕಳೆದು ಬುಧವಾರ. ಒಂದು ಮನೆಯವರು ಊರಿಗೆ ಹೋಗಿದ್ದರಿಂದ ದುರ್ಗಾ ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದಳು. ಬಾಗಿಲಲ್ಲಿ ಚಳಿಗಾಲದ ಎಳೆಬಿಸಿಲು ಬಿದ್ದಿತ್ತು. ಬಿಸಿಲಲ್ಲಿ ಚಂದಮ್ಮ ಮೆಟ್ಟಿಲ ಮೇಲೆ ಕೂತಿದ್ದಾಳೆ, ಕೆಳಗೆ ಅವಳ ಮೊಣಕಾಲುಗಳ ನಡುವೆ ಭಾಗ್ಯಾ ಇತಿಹಾಸದ ಪುಸ್ತಕ ಹಿಡಿದು ಕೂತಿದ್ದಾಳೆ. ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಚಂದಮ್ಮನ ಕೈಯಲ್ಲಿ ಬೇವಿನ ಕಡ್ಡಿ. ತುದಿಯನ್ನು ನುಣ್ಣಗೆ ತಿಕ್ಕಿ ಮಾಡಿಕೊಂಡದ್ದು. ಗಂಟಿನ ತುದಿಯಿಂದ ಒಂದೊಂದೇ ಎಳೆ ಹುಡುಕಿ, ಬುಡವನ್ನು ಎಡಗೈಯಲ್ಲಿ ಒತ್ತಿ ಹಿಡಿದು, ನೋಯದಂತೆ ಹೊರಗೆ ತರುತ್ತಿದ್ದಳು. ಅರ್ಧಕ್ಕಿಂತ ಹೆಚ್ಚು ಬಿಟ್ಟಿತ್ತು. ಎಣ್ಣೆಯಲ್ಲಿ ನೆಂದ ಕೂದಲು ಭಾಗ್ಯಾಳ ಬೆನ್ನ ಮೇಲೆ ಉದ್ದಕ್ಕೆ ಇಳಿದಿತ್ತು.

ನೆರಳು ಬಿದ್ದದ್ದೇ ಚಂದಮ್ಮ ತಲೆಯೆತ್ತಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇಲ್ಲಿ ದುರ್ಗಾ ಇನ್ನೂ ಬಾಯೇ ತೆರೆದಿರಲಿಲ್ಲ.

"ನಾ ಎಳದಿಲ್ಲ," ಎಂದಳು ಚಂದಮ್ಮ, ಕಡ್ಡಿಯನ್ನು ಸೆರಗಿನೊಳಗೆ ಸೇರಿಸುತ್ತ. "ತಾನ ಬಂತು."

"ಸುಳ್ಳವ್ವ," ಎಂದಳು ಭಾಗ್ಯಾ ಪುಸ್ತಕದಿಂದ ಕಣ್ಣೆತ್ತದೆ. "ಹತ್ತು ದಿನ ಆತು. ನಾ ಸಾಲಿಂದ ಬಂದ ಕೂಡ್ಲೆ ದಿನಾ ಕೂಡಸ್ತಾಳ. ನಿನಗ ಹೇಳಬ್ಯಾಡ ಅಂದಾಳ."

ದುರ್ಗಾ ಅಲ್ಲೇ ಮೆಟ್ಟಿಲಿನ ಮೇಲೆ ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಚಂದಮ್ಮ ಸೊಸೆಯನ್ನು ನೋಡಲಿಲ್ಲ. ಮಡಿಲಲ್ಲಿ ಸಣ್ಣದೊಂದು ಕಾಗದದ ಪೊಟ್ಟಣವಿತ್ತು, ಅದನ್ನು ಬಿಚ್ಚಿ ತೋರಿಸಿದಳು. ಕೆಂಪು ಉಲ್ಲನ್ನಿನ ಎಳೆಗಳು, ಬೆರಳಿನಷ್ಟು ದಪ್ಪದ ಉಂಡೆ.

"ಕೃಷ್ಣಾಬಾಯಿ ಕುಂಕುಮ ಅಂದಿದ್ಳಲ್ಲ, ಅದು ಇದು. ಸ್ಕಾರ್ಫಿನ ಉಲ್ಲನ್. ಮೂರನೇ ಶುಕ್ರವಾರ ಎಣ್ಣಿ ಹಾಕೂ ಮುಂದ ಒಂದು ಎಳಿ ಕೈಯಾಗ ಬಂತು. ನೋಡಿದೆ."

ಅವಳು ಒಂದು ಎಳೆಯನ್ನು ಬೆರಳಲ್ಲಿ ಹೊಸೆದಳು.

"ಅಕ್ಕುನ ಜಟ್ಯಾಗ ಹತ್ತಿ ಇತ್ತು, ದುರ್ಗಾ. ಬೆಳ್ಳಗ. ಹತ್ತಿ ಬಿಡಸೂ ಕಾಲ ಅದು, ಚಳಿಗಾಲ. ಅವ್ವ ನಸುಕಿನ್ಯಾಗ ಹೊಲಕ್ಕ ಹೋದ್ರ ಕತ್ತಲಾದ ಮ್ಯಾಲ ಬರ್ತಿದ್ಲು. ಅಕ್ಕು ಹತ್ತಿ ಗಂಟಿನ ಮ್ಯಾಲೇ ಮಲಗತಿದ್ಲು. ತಲಿಗಿ ಎಣ್ಣಿ ಕಂಡಾಕಿ ಅಲ್ಲ. ಆ ಹತ್ತಿ ನೋಡಿ ದೇವಿ ಬೆಳ್ಳಿ ಅಂದ್ರು ಮಂದಿ. ನಾನೂ ಕೈ ಮುಗದೆ. ಎಂಟು ವರ್ಷದಾಕಿ ನಾ."

ಭಾಗ್ಯಾ ಪುಸ್ತಕ ಮುಚ್ಚಿದಳು.

"ಆಕಿದೂ ಬಿಡ್ತಿತ್ತು," ಎಂದಳು ಚಂದಮ್ಮ. "ಒಂದ್ ಬಟ್ಟಲ ಎಣ್ಣಿ ಇದ್ದಿದ್ರ ಬಿಡ್ತಿತ್ತು."

ಮುದುಕಿ ಅತ್ತಳು. ಅಕ್ಕು ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಆಗಲೂ ಅವಳು ಹೀಗೆ ಅತ್ತಿರಲಿಲ್ಲವೆಂದು ಬಾಬು ಆಮೇಲೆ ಹೇಳಿದ. ಅಪ್ಪನ ಹಾವಿನ ಮಾತನ್ನು ಮಾತ್ರ ಚಂದಮ್ಮ ತೆಗೆಯಲಿಲ್ಲ, ದುರ್ಗಾಳೂ ಕೆದಕಲಿಲ್ಲ. ಕೈ ತೊಳೆದುಕೊಂಡು ಬಂದು, ನಾನೂ ಮುಟ್ಟಲೇನರಿ ಎಂದು ಕೇಳಿದಳು. ಚಂದಮ್ಮ ಮೂಗು ಒರೆಸಿಕೊಂಡು ಬಲಗಡೆಯ ಪಾಲು ಬಿಟ್ಟುಕೊಟ್ಟಳು. ಬಿಸಿಲು ಗೋಡೆ ಹತ್ತುವವರೆಗೂ ಅತ್ತೆ ಸೊಸೆ ಇಬ್ಬರೂ ಒಂದೇ ತಲೆಯ ಮೇಲೆ ಬಗ್ಗಿ ಕೂತಿದ್ದರು.

ಐದನೆಯ ಶುಕ್ರವಾರ ಬಿಡಿಸಲು ಉಳಿದದ್ದು ಹುಣಸೆಬೀಜದಷ್ಟು. ಚಂದಮ್ಮ ದೀಪ ಹಚ್ಚಿದಳು, ಎಣ್ಣೆ ಹಾಕಿದಳು, ಅದೂ ಬಿಟ್ಟಿತು. ದೇವಿಯೇ ಬಿಟ್ಟುಕೊಟ್ಟಳು ಎಂದು ಕೃಷ್ಣಾಬಾಯಿಗೆ ಹೇಳಿದಳು. ಅವಳೂ ಒಪ್ಪಿಕೊಂಡು, ಬಿಟ್ಟುಕೊಟ್ಟ ದೇವಿಗೂ ಒಂದು ತೆಂಗಿನಕಾಯಿ ಒಡೆದಳು. ಭಾನುವಾರ ನಳದ ನೀರು ಕಾಯಿಸಿ, ಸೀಗೆಪುಡಿ ಹಾಕಿ ದುರ್ಗಾ ಮಗಳಿಗೆ ಎರೆದಳು. ಸಾಕಷ್ಟು ಕೂದಲು ಉದುರಿತ್ತು, ಹಿಂದಲೆ ತೆಳ್ಳಗಾಗಿತ್ತು, ತುದಿಗಳು ಇನ್ನೂ ಒರಟು. ಆದರೂ ಬಾಚಣಿಗೆ ಹಣೆಯಿಂದ ಸೊಂಟದವರೆಗೆ ಒಂದೇ ಉಸಿರಿಗೆ ಇಳಿಯಿತು. ಭಾಗ್ಯಾ ಕನ್ನಡಿಯ ಮುಂದಿನಿಂದ ಏಳಲೇ ಇಲ್ಲ. ಅಂದು ಸಂಜೆಯಿಂದ ಮುಸುರೆ ಪಾತ್ರೆ ಅವಳ ಪಾಲಿಗೆ ಮರಳಿ ಬಂತು.

ಎಲ್ಲರೂ ಸಮಾಧಾನದಿಂದ ಇರಬೇಕಿತ್ತು, ಇರಲಿಲ್ಲ. ಬಾಬು ಬೆಳಗ್ಗೆ ಹೊರಡುವಾಗ ಚಂದಮ್ಮ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದಳು. ಸಂಜೆ ಅವನ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ಒಳಗೆ ಹೋಗುತ್ತಿದ್ದಳು. ಜಟೆ ಬಿಟ್ಟ ಶುಕ್ರವಾರದಿಂದ ಬೆರಳಿನಲ್ಲಿ ದಿನ ಎಣಿಸುತ್ತಿದ್ದಳು. ಒಂದು, ಎರಡು, ಮೂರು.

ಎಂಟನೆಯ ದಿನ ಬಾಬು ಮನೆಗೆ ಬಂದಾಗ ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಬಾಗಿಲಲ್ಲೇ ದುರ್ಗಾಳ ಕಣ್ಣಿಗೆ ಅದು ಬಿತ್ತು, ಜೇಬಿನ ಅಂಚಿನಲ್ಲಿ ಬಿಳಿ ಪಟ್ಟಿ ಇಣುಕುತ್ತಿತ್ತು. ಏನು ಎಂದು ಕಣ್ಣಿನಲ್ಲೇ ಕೇಳಿದಳು, ಅವನು ಏನಿಲ್ಲ ಎಂದು ಕಣ್ಣಿನಲ್ಲೇ ಹೇಳಿದ. ಮುಚ್ಚಿಕೊಳ್ಳಿ ಎಂದು ಟವೆಲ್ಲು ಕೊಟ್ಟಳು. ಭಾಗ್ಯಾಳೂ ನೋಡಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಗೂಟದಲ್ಲಿದ್ದ ಓಢಣಿ ಎಳೆದು ತಲೆಯ ತುಂಬ ಹೊದ್ದುಕೊಂಡು ಮೂಲೆಯಲ್ಲಿ ಕೂತಳು.

ಊಟಕ್ಕೆ ಕೂತಾಗಲೂ ಬಾಬುವಿನ ಎಡಗೈ ಟವೆಲ್ಲಿನ ಒಳಗೇ ಇತ್ತು. ಚಂದಮ್ಮ ಪುಂಡಿಪಲ್ಯ ಬಡಿಸಲು ಬಂದವಳು ನಿಂತಳು.

"ಕೈ ಯಾಕ ಮುಚ್ಚೀದಿ?"

ಬಾಬು ಹೆಂಡತಿಯನ್ನು ನೋಡಿದ.

"ಕೈ ತಗಿ ಬಾಬು."

ತೆಗೆದ. ಹೆಬ್ಬೆರಳಿಗೆ ದಪ್ಪ ಪಟ್ಟಿ, ನಡುವೆ ರಕ್ತದ ಕಲೆ. ಮೂರು ಹೊಲಿಗೆ ಬಿದ್ದಿವೆ, ಸುತ್ತಿಗೆ ಜಾರಿತು, ಎಂದು ತಲೆ ತಗ್ಗಿಸಿ ಹೇಳಿದ. ಚಂದಮ್ಮ ಪಲ್ಯದ ಪಾತ್ರೆ ಕೆಳಗಿಟ್ಟು ಮಗನ ಮುಂದೆ ಕೂತಳು. ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ದುರ್ಗಾಳಿಗೆ ಇಂದಾಪುರದ ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ ಎಂಬುದು ನೆನಪಾಯಿತು.

"ಎಷ್ಟನೇ ಮಾಳಿಗಿ ಮ್ಯಾಲ?" ಎಂದು ಕೇಳಿದಳು ಚಂದಮ್ಮ.

"ಕೆಳಗವ್ವ. ನೆಲದ ಮ್ಯಾಲೇ ಕುಂತು ಹಲಗಿ ಜೋಡಸ್ತಿದ್ದೆ. ಲಕ್ಷ್ಯ ಇರಲಿಲ್ಲ."

ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು, ಆರಿಸಬೇಕೆಂದು ಯಾರಿಗೂ ತೋಚಲಿಲ್ಲ.

"ಹತ್ತಿ ಹೊಲದಾಗ ಹಾವು ಇರೂವೇ," ಎಂದಳು ಚಂದಮ್ಮ ಕೊನೆಗೆ, ತನಗೆ ತಾನೇ ಹೇಳಿಕೊಂಡಂತೆ. ಆಮೇಲೆ ಮಗನ ಕೈಯನ್ನು ಅವನ ಮಡಿಲಿಗೆ ಮರಳಿಸಿದಳು. "ಸುತ್ತಿಗಿ ಹಿಡದಾಂವ ಮೊಳಿ ನೋಡಿ ಬಡೀಬೇಕು, ಊರು ನೋಡಿ ಅಲ್ಲ. ಉಣ್ಣು. ಆರ್ತದ."

ಬಾಬು ತಾಯಿಯನ್ನು ನೋಡುತ್ತಲೇ ಇದ್ದ. ಅವನ ಮುಖ ಸಡಿಲವಾಯಿತು, ಆಮೇಲೆ ರೊಟ್ಟಿ ಮುರಿದ. ಚಂದಮ್ಮ ಅವನಿಗೆ ಪಲ್ಯ ಬಡಿಸಿ ಮೇಲೆದ್ದಾಗ ಮೂಲೆಯಲ್ಲಿ ಓಢಣಿಯೊಳಗೆ ಮುದುಡಿದ್ದ ಮೊಮ್ಮಗಳು ಕಂಡಳು.

"ನೀ ಯಾಕ ಮುಚ್ಕೊಂಡು ಕುಂತೀದಿ? ತಗಿ ಅದನ್ನ," ಎಂದಳು. "ನಿನ್ನ ಕೂದಲಕ್ಕೂ ನಿಮ್ಮಪ್ಪನ ಹೆಬ್ಬಟ್ಟಿಗೂ ಏನ್ ಸಂಬಂಧ?"